ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಹೂವಲ್ಲ

ಈ ಸಲ ನಾವು ಮಾತಾಡೋದು ಒಂದು ಹೂವಿನ ಬಗ್ಗೆ. ಕಾರು ಓಡಿಸ್ತಾ ಕೇಳ್ತಿರೋರು ಮನೆ ತಲುಪಿದ ಮೇಲೆ ಅದರ ಚಿತ್ರ ಹುಡುಕಿ ನೋಡಿ, ಓದುತ್ತಿರುವವರು ಈಗಲೇ ನೋಡಬಹುದು. ಅಮೆರಿಕದಲ್ಲಿ ಅದನ್ನು ಪೇಂಟ್‌ಬ್ರಷ್ ಅಂತ ಕರೀತಾರೆ. ಎಷ್ಟೋ ಕಡೆ ‘ಇಂಡಿಯನ್ ಪೇಂಟ್‌ಬ್ರಷ್’ ಅಂತಲೂ ಹೇಳ್ತಾರೆ. ಆ ‘ಇಂಡಿಯನ್’ ಅನ್ನೋ ಮಾತಿಗೆ ಆಮೇಲೆ ಬರ್ತೀನಿ.

ಮೇ ತಿಂಗಳಲ್ಲಿ ಇಲಿನಾಯ್, ವಿಸ್ಕಾನ್ಸಿನ್, ಮಿಷಿಗನ್ ಕಡೆಯ ಒಂದು ಹಳೆಯ ಪ್ರೈರಿಯಲ್ಲಿ, ಅಂದರೆ ನೇಗಿಲು ತಾಗದೆ ಉಳಿದ ಹುಲ್ಲುಗಾವಲಿನಲ್ಲಿ, ನಡೆಯುತ್ತಿದ್ದೀರಿ ಅಂದುಕೊಳ್ಳಿ. ಅದೃಷ್ಟವಿದ್ದರೆ ಹಸಿರಿನ ನಡುವೆ ಮೊಣಕಾಲಿನ ಎತ್ತರದಲ್ಲಿ ಒಂದು ಕೆಂಪು ಕಣ್ಣಿಗೆ ಬೀಳುತ್ತದೆ. ಯಾರೋ ಕುಂಚವನ್ನು ಕುಂಕುಮದ ಬಟ್ಟಲಲ್ಲಿ ಅದ್ದಿ, ಅದರ ಹಿಡಿಯನ್ನು ಮಣ್ಣಿಗೆ ನೆಟ್ಟು ಹೋದ ಹಾಗೆ. ನೀವು ಬಗ್ಗಿ, ಫೋನು ತೆಗೆದು ಕೇಳುವ ಮೊದಲ ಪ್ರಶ್ನೆ: ಇದು ಯಾವ ಹೂವು?

ನೋಡೋಕೆ ಎಷ್ಟು ಸರಳವಾದ ಪ್ರಶ್ನೆ! ಹೆಸರು ಸಿಕ್ಕರೆ ಮುಗೀತು, ಮುಂದಕ್ಕೆ ನಡೆಯಬಹುದು. ಆದರೆ ಈ ಒಂದು ಗಿಡದ ಮಟ್ಟಿಗೆ ಆ ಪ್ರಶ್ನೆ ಅಷ್ಟು ಬೇಗ ಮುಗಿಯೋದಿಲ್ಲ. ಒಂದನ್ನು ‘ಗುರುತಿಸೋದು’ ಅಂದರೆ ಏನು? ಯಾವುದನ್ನು ನೋಡಿ ಗುರುತಿಸ್ತೀವಿ, ಯಾತಕ್ಕಾಗಿ ಗುರುತಿಸ್ತೀವಿ, ಗುರುತಿಸಿದ ಮೇಲೆ ಅದರ ಕಡೆಗೆ ನಮ್ಮ ಹೊಣೆ ಏನು? ಈ ಮೂರೂ ಪ್ರಶ್ನೆಗಳು ಇದರೊಳಗೇ ಇವೆ. ಹೊರದೇಶದಲ್ಲಿ ಬದುಕುವ ನಮಗೆ, ಅಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ, ಇವು ಬರೀ ಹೂವಿನ ಪ್ರಶ್ನೆಗಳಲ್ಲ.

ಕೆಂಪು ಯಾರದು?

ಮೊದಲನೆಯ ತೊಡಕು ಇದು: ನಿಮ್ಮ ಕಣ್ಣಿಗೆ ಬಿದ್ದ ಆ ಕೆಂಪು ಹೂವಲ್ಲ, ಎಲೆ. ಹೂವಿನ ಬುಡದಲ್ಲಿ ಕಾವಲಿಗೆ ನಿಂತ ಹಾಗೆ ಇರುವ ಈ ಎಲೆಗೆ ಸಸ್ಯಶಾಸ್ತ್ರದವರು ಬ್ರ್ಯಾಕ್ಟ್ ಅಂತಾರೆ. ನಾವು ಇಲ್ಲಿ ‘ಹೂವೆಲೆ’ ಅನ್ನೋಣ. ಪೇಂಟ್‌ಬ್ರಷ್‌ನ ಹೂವೆಲೆಗಳ ತುದಿ ಕೆಂಪು. ಅವುಗಳನ್ನು ಮೆಲ್ಲಗೆ ಸರಿಸಿ ನೋಡಿದರೆ ಒಳಗೆ ಹಸಿರು ಬೆರೆತ ಹಳದಿ ಬಣ್ಣದ ಒಂದು ಸಣ್ಣ ಕೊಳವೆ ಕಾಣುತ್ತದೆ. ಅದೇ ಹೂವು. ಎರಡು ಹೆಜ್ಜೆ ದೂರದಿಂದ ನೋಡಿದವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಇದೇನೋ ಅಮೆರಿಕದ ವಿಚಿತ್ರ ಅಂದುಕೊಳ್ಳಬೇಡಿ. ನಮ್ಮ ಅಜ್ಜಿಯರು ಜಡೆಗೆ ಹೆಣೆಯುತ್ತಿದ್ದ ಕೇದಗೆಯ ಪರಿಮಳದ ಎಸಳುಗಳಿವೆಯಲ್ಲ, ಅವೂ ಹೂವೆಲೆಗಳೇ. ಗಂಡು ಗಿಡದ ಹೂಗೊಂಚಲನ್ನು ಸುತ್ತಿಕೊಂಡಿರುವ ಎಲೆಗಳು. ಪಲ್ಯಕ್ಕೆ ಬಾಳೆಹೂವು ಬಿಡಿಸಿದವರಿಗೂ ಗೊತ್ತು: ಒಂದೊಂದೇ ನೇರಳೆ ಪದರ ತೆಗೆದರೆ ಅದರ ಹಿಂದೆ ಸಾಲಾಗಿ ಮಲಗಿದ ಪುಟ್ಟ ಪುಟ್ಟ ಹೂಗಳು. ಆ ನೇರಳೆ ಪದರವೂ ಹೂವೆಲೆಯೇ. ಮನೆ ಮುಂದಿನ ಬೋಗನ್‌ವಿಲ್ಲದ ಗುಲಾಬಿ ‘ಹೂವು’, ಡಿಸೆಂಬರ್‌ನಲ್ಲಿ ಅಂಗಡಿ ತುಂಬ ಬರುವ ಪಾಯಿನ್‌ಸೆಟಿಯಾದ ಕೆಂಪು, ಎಲ್ಲವೂ ಎಲೆಗಳೇ.

ಹಾಗಾದರೆ ಈ ಗಿಡಗಳು ಮೋಸ ಮಾಡ್ತಿವೆಯಾ? ಇಲ್ಲ. ಪೇಂಟ್‌ಬ್ರಷ್‌ಗೆ ಬೇಕಾಗಿರುವುದು ಹಮ್ಮಿಂಗ್‌ಬರ್ಡ್. ಕೆಂಪು ಕಂಡು ಆ ಹಕ್ಕಿ ಬರುತ್ತದೆ, ಕೊಳವೆಯೊಳಗೆ ಉದ್ದ ಕೊಕ್ಕು ಹಾಕಿ ಮಕರಂದ ಹೀರುತ್ತದೆ, ಪರಾಗ ಹೊತ್ತು ಮುಂದಿನ ಗಿಡಕ್ಕೆ ಹೋಗುತ್ತದೆ. ಕರೆಯುವ ಕೆಲಸ ಎಲೆಯದು, ಬಂದವರಿಗೆ ಉಣಬಡಿಸುವ ಕೆಲಸ ಹೂವಿನದು. ಹಕ್ಕಿಗೆ ಹೇಳಿದ್ದೂ ಸುಳ್ಳಲ್ಲ, ಕೊಟ್ಟಿದ್ದೂ ಕಡಿಮೆಯಲ್ಲ. ಗೊಂದಲ ಇರೋದು ನಮ್ಮಲ್ಲಿ. ‘ಬಣ್ಣ ಎಲ್ಲಿದೆಯೋ ಅದೇ ಹೂವು’ ಅಂತ ತೀರ್ಮಾನ ಮಾಡಿದ್ದು ನಾವು.

ಇಲ್ಲಿ ಒಂದು ಎಚ್ಚರಿಕೆ. ‘ಕೇದಗೆ ಮುಡಿದ ಅಜ್ಜಿಗೆ ಹೂವು ಯಾವುದು ಅಂತ ಗೊತ್ತಿರಲಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಮುಡಿಯುವವರಿಗೆ ಅದು ಹೂವೇ. ‘ಹೂವು’ ಅನ್ನೋ ನಮ್ಮ ಮಾತು ಸಸ್ಯಶಾಸ್ತ್ರಕ್ಕಿಂತ ತುಂಬ ಹಳೆಯದು, ಅದಕ್ಕೆ ಅದರದೇ ಸರಿ-ತಪ್ಪು ಇದೆ. ನಾನು ಹೇಳುತ್ತಿರುವುದು ಇಷ್ಟೇ: ಕಣ್ಣಿಗೆ ಮೊದಲು ಬಿದ್ದದ್ದು ಸುಳ್ಳಲ್ಲ, ಆದರೆ ಅದೊಂದೇ ಉತ್ತರವೂ ಅಲ್ಲ.

ಬಣ್ಣವನ್ನು ಕೊನೆಗೆ ನೋಡಿ

ಪೇಂಟ್‌ಬ್ರಷ್‌ನ ಕುಲಕ್ಕೆ ಕ್ಯಾಸ್ಟಿಲೇಜಾ ಅಂತ ಹೆಸರು. ಅದರಲ್ಲಿ ಸುಮಾರು 200 ಪ್ರಭೇದಗಳಿವೆ, ಹೆಚ್ಚಿನವು ಉತ್ತರ ಅಮೆರಿಕದ ಪಶ್ಚಿಮ ಭಾಗದವು. ಒಂದಕ್ಕೊಂದು ಬೆರೆತು ಮಿಶ್ರತಳಿಗಳಾಗುವುದೂ ಇದೆ. ಹಾಗಾಗಿ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸೋದು ಬಲ್ಲವರಿಗೂ ಕಷ್ಟ. ಬಣ್ಣ ನಂಬಿದರಂತೂ ಕೆಟ್ಟಿರಿ. ಇಲಿನಾಯ್ ಕಡೆಯ ಕೆಂಪು ಪೇಂಟ್‌ಬ್ರಷ್, ಅಂದರೆ ಕ್ಯಾಸ್ಟಿಲೇಜಾ ಕಾಕ್ಸಿನಿಯಾ, ಕೆಲವೊಮ್ಮೆ ಹಳದಿಯಾಗಿಯೂ ಇರುತ್ತದೆ. ಟೆಕ್ಸಸ್, ಒಕ್ಲಹೋಮಾದ ಹುಲ್ಲುಗಾವಲುಗಳಲ್ಲಿ ಹತ್ತಿರದ ಸಂಬಂಧಿಗಳೇ ಒಂದು ಕಡೆ ನೇರಳೆ, ಒಂದು ಕಡೆ ಹಳದಿ, ಮತ್ತೊಂದು ಕಡೆ ಕಿತ್ತಳೆ. ಅವು ಒಂದೇ ಪ್ರಭೇದವೋ, ಮೂರೋ ಅನ್ನೋದರಲ್ಲಿ ಪಂಡಿತರಿಗೂ ಒಮ್ಮತವಿಲ್ಲ.

ಹಾಗಾದರೆ ಏನು ನೋಡಬೇಕು? ಬುಡ ನೋಡಿ. ನೆಲಕ್ಕೆ ಅಂಟಿದ ಎಲೆಗಳ ಚಕ್ರದಿಂದ ಒಂಟಿ ಕಾಂಡ ಎದ್ದಿದೆಯೋ, ಗಟ್ಟಿ ಬುಡದಿಂದ ಹಲವು ಕಾಂಡಗಳೋ? ಕಾಕ್ಸಿನಿಯಾ ಒಂದೆರಡು ವರ್ಷ ಬದುಕುವ ಗಿಡ, ಸಾಮಾನ್ಯವಾಗಿ ಒಂಟಿ ಕಾಂಡ. ಕಾಂಡದ ಮೇಲಿನ ಎಲೆ ನೋಡಿ, ಸೀಳಿದೆಯೋ ಇಡಿಯಾಗಿದೆಯೋ? ಕಾಕ್ಸಿನಿಯಾದ ಹೂವೆಲೆ ಹಕ್ಕಿಯ ಕಾಲಿನ ಹಾಗೆ ಮೂರು ಸೀಳು. ಟೆಕ್ಸಸ್‌ನ ರಸ್ತೆ ಬದಿಯಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಬ್ಲೂಬಾನೆಟ್ ಜೊತೆ ಕಾಣುವ ಪೇಂಟ್‌ಬ್ರಷ್‌ದು ಇಡಿಯಾದ ಎಲೆ, ಅದರ ಹೆಸರೇ ಇಂಡಿವೈಸಾ, ‘ಸೀಳಿಲ್ಲದ್ದು’ ಅಂತ. ಆಮೇಲೆ ಹೂವಿನ ಕೊಳವೆ ನೋಡಿ, ಹೂವೆಲೆಯ ಹಿಂದೆ ಅಡಗಿದೆಯೋ ಹೊರಗೆ ಚಾಚಿದೆಯೋ? ಮಧ್ಯ ಬಯಲಿನ ಒಣ ದಿಬ್ಬಗಳಲ್ಲಿ ಇರುವ ಸೆಸಿಲಿಫ್ಲೋರಾದ ಹೂವೆಲೆ ಸಪ್ಪೆ ಬಣ್ಣದ್ದು, ಅದರ ಕೊಳವೆಯೇ ಬಾಗಿ ಮುಂದಕ್ಕೆ ಬಂದಿರುತ್ತದೆ. ಅಕ್ಕಪಕ್ಕ ಏನು ಬೆಳೆದಿದೆ, ಮಣ್ಣು ಎಂಥದು, ಯಾವ ಸೀಮೆ, ಯಾವ ತಿಂಗಳು, ಇವನ್ನೂ ನೋಡಿ. ಬಣ್ಣ ಕೊನೆಗೆ.

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳಲ್ಲಿ ಜನ ಹಾಕುವ ಪೇಂಟ್‌ಬ್ರಷ್ ಫೋಟೋಗಳಲ್ಲಿ ಮೇಲಿನ ಕೆಂಪು ಕುಚ್ಚು ಮಾತ್ರ ಇರುವವು ಬೇಕಾದಷ್ಟು. ಹಾಗಾಗುವುದು ಸಹಜ. ನಮ್ಮನ್ನು ನಿಲ್ಲಿಸಿದ್ದು ಕೆಂಪು, ಫೋಟೋ ತೆಗೆದದ್ದೂ ಕೆಂಪನ್ನೇ. ಆದರೆ ಹೆಸರು ಹೇಳಬೇಕಾದವರಿಗೆ ಬೇಕಿರುವುದು ನಾವು ಬಿಟ್ಟ ಭಾಗ: ಕಾಂಡ, ಎಲೆ, ಬುಡ. ಸರಿಯಾಗಿ ಗುರುತಿಸಬೇಕಾದರೆ ಮಂಡಿಯೂರಬೇಕು. ಈ ಮಾತನ್ನು ಅಕ್ಷರಶಃ ಹೇಳ್ತಿದೀನಿ.

ತಪ್ಪಿದ ಗುರುತು, ಉಳಿದ ಹೆಸರು

ಹೆಸರು ಸಿಕ್ಕಿತು ಅಂತಿಟ್ಟುಕೊಳ್ಳಿ. ಆ ಹೆಸರು ಯಾರದು? 1753ರಲ್ಲಿ ಲಿನೇಯಸ್ ಈ ಕೆಂಪು ಪೇಂಟ್‌ಬ್ರಷ್ ಅನ್ನು ಬಾರ್ಟ್ಸಿಯಾ ಅನ್ನೋ ಕುಲಕ್ಕೆ ಸೇರಿಸಿದ. 1825ರಲ್ಲಿ ಸ್ಪ್ರೆಂಗೆಲ್ ಅದನ್ನು ಕ್ಯಾಸ್ಟಿಲೇಜಾಕ್ಕೆ ತಂದ. ಆ ಕುಲದ ಹೆಸರನ್ನು ಕೊಟ್ಟವನು ಈಗಿನ ಕೊಲಂಬಿಯಾದಲ್ಲಿ ಕೆಲಸ ಮಾಡುತ್ತಿದ್ದ ಮೂಟಿಸ್ ಎಂಬ ಸ್ಪೇನ್ ದೇಶದ ಸಸ್ಯಶಾಸ್ತ್ರಜ್ಞ, ಕಾದಿಸ್ ಊರಿನ ಕಾಸ್ತಿಯೆಹೊ ಎಂಬ ಇನ್ನೊಬ್ಬ ಸಸ್ಯಶಾಸ್ತ್ರಜ್ಞನ ಗೌರವಕ್ಕಾಗಿ. ಇತ್ತೀಚೆಗೆ ಡಿಎನ್‌ಎ ನೋಡಿ ಅದರ ಕುಟುಂಬವನ್ನೇ ಬದಲಾಯಿಸಿದ್ದಾರೆ. ಇಷ್ಟೆಲ್ಲ ಆಗುವಾಗ ಆ ಗಿಡ ತನ್ನ ಪಾಡಿಗೆ ತಾನು ಮೇ ತಿಂಗಳಲ್ಲಿ ಅರಳುತ್ತಲೇ ಇತ್ತು.

ಇನ್ನು ‘ಇಂಡಿಯನ್’ ಅನ್ನೋ ಮಾತು. ಈ ಹೆಸರನ್ನು ಮೊದಲ ಸಲ ಕೇಳಿದ ನಮ್ಮವರಲ್ಲಿ ಎಷ್ಟೋ ಜನಕ್ಕೆ ಒಂದು ಕ್ಷಣ ಖುಷಿಯಾಗುತ್ತೆ: ಓ, ನಮ್ಮ ಹೂವು! ಅಲ್ಲ. 1492ರಲ್ಲಿ ಕೊಲಂಬಸ್ ತಾನು ಮುಟ್ಟಿದ್ದು ಏಷ್ಯಾದ ದಡ ಅಂದುಕೊಂಡ, ಅಲ್ಲಿ ಕಂಡ ಜನರನ್ನು ‘ಇಂಡಿಯನ್ನರು’ ಅಂದ. ಒಬ್ಬನ ತಪ್ಪು ಗುರುತು 500 ವರ್ಷ ದಾಟಿದರೂ ಒಂದು ಖಂಡದ ಜನರ ಮೈಮೇಲಿದೆ. ಅವರಿಗೆ ತಮ್ಮದೇ ಹೆಸರುಗಳಿದ್ದವು, ಈಗಲೂ ಇವೆ: ಪೊಟವಾಟಮಿ, ಡಕೋಟಾ, ಕಲಪೂಯ, ಹೀಗೆ ನೂರಾರು. ಅಮೆರಿಕದ ಜನಗಣತಿಯ ಹಾಳೆಯಲ್ಲಿ ನಮ್ಮ ಮಕ್ಕಳು ‘ಏಷಿಯನ್ ಇಂಡಿಯನ್’, ಅವರು ‘ಅಮೆರಿಕನ್ ಇಂಡಿಯನ್’. ನಿಜವಾದ ಇಂಡಿಯಾದಿಂದ ಬಂದ ನಮಗೇ ಹಿಂದೆ-ಮುಂದೆ ಒಂದು ಪದ ಸೇರಿಸಿಕೊಂಡು ವಿವರಣೆ ಕೊಡುವ ಕೆಲಸ!

ಇದರಲ್ಲಿ ನಗು ಇದೆ, ಆದರೆ ನಗು ಮಾತ್ರ ಇಲ್ಲ. ತಪ್ಪು ಗುರುತನ್ನು ತಿದ್ದದೆ ಬಿಡಬಹುದಾಗಿದ್ದು ಯಾಕೆ? ಗುರುತಿಸಿದವನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ, ಅದಕ್ಕೆ. ಹೆಸರು ತಪ್ಪಾದರೂ ನೆಲ ಸಿಕ್ಕಿತು. 1833ರ ಷಿಕಾಗೋ ಒಪ್ಪಂದದ ಮೂಲಕ ಪೊಟವಾಟಮಿ ಮತ್ತು ಅವರ ಜೊತೆಯವರು ಮಿಷಿಗನ್ ಸರೋವರದ ಪಶ್ಚಿಮದ ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು. ನಾವು ಇಂದು ಮನೆ ಕೊಳ್ಳುವ ಆ ಕಡೆಯ ಉಪನಗರಗಳು ಆ ಕಥೆಯ ಮೇಲೇ ನಿಂತಿವೆ. ಸರಿಯಾದ ಹೆಸರು ಗೊತ್ತಿಲ್ಲದಿರುವುದು ಅಜ್ಞಾನ. ಕೇಳಬೇಕು ಅಂತಲೇ ಅನ್ನಿಸದಿರುವುದು ಅಧಿಕಾರ. ನನಗೆ ಮೊದಲನೆಯದಕ್ಕಿಂತ ಎರಡನೆಯದರ ಬಗ್ಗೆ ಹೆಚ್ಚು ಭಯ.

ಬೇರಿನ ಮಾತು

ಗಿಡಕ್ಕೆ ವಾಪಸ್ ಬರೋಣ. ಇಷ್ಟವಾಯಿತು ಅಂತ ಪೇಂಟ್‌ಬ್ರಷ್ ಅನ್ನು ಬುಡಸಮೇತ ಅಗೆದು ಮನೆಗೆ ತಂದು ನೆಟ್ಟರೆ ಸಾಮಾನ್ಯವಾಗಿ ಸಾಯುತ್ತದೆ. ಯಾಕೆ ಅಂದರೆ ಅದರ ಬೇರು ಪಕ್ಕದ ಹುಲ್ಲಿನ ಬೇರಿಗೋ ಬೇರೆ ಗಿಡದ ಬೇರಿಗೋ ಅಂಟಿಕೊಂಡು ಅಲ್ಲಿಂದ ನೀರು, ಪೋಷಕಾಂಶ ಎಳೆದುಕೊಳ್ಳುತ್ತಿರುತ್ತದೆ. ಎಲೆ ಹಸಿರಾಗಿಯೇ ಇದೆ, ಬಿಸಿಲಿನಲ್ಲಿ ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ, ಆದರೂ ಅರ್ಧ ಪರಾವಲಂಬಿ. ನೆರೆಯ ಬೇರು ಸಿಗದಿದ್ದರೆ ಬಡಕಲಾಗಿ ಉಳಿಯಬಹುದು, ಸಿಕ್ಕರೆ ಹುಲುಸಾಗಿ ಬೆಳೆಯುತ್ತದೆ. ಟೆಕ್ಸಸ್‌ನ ಪೇಂಟ್‌ಬ್ರಷ್ ಲೂಪಿನ್ ಜಾತಿಯ ಗಿಡಗಳ ಬೇರಿನಿಂದ ಅವುಗಳ ಕಹಿ ವಿಷಾಂಶವನ್ನೂ ಎಳೆದುಕೊಂಡು, ತನ್ನನ್ನು ತಿನ್ನಲು ಬರುವ ಹುಳಗಳಿಂದ ಉಳಿದುಕೊಳ್ಳುತ್ತದೆ ಅನ್ನೋದನ್ನು ವಿಜ್ಞಾನಿಗಳು ತೋರಿಸಿದ್ದಾರೆ.

‘ಪರಾವಲಂಬಿ’ ಅನ್ನುವಾಗ ಮುಖ ಕಿವಿಚಬೇಡಿ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯನ್ನು ನಾವು ಬೈದುಕೊಂಡು ಕತ್ತರಿಸುತ್ತೇವೆ, ನಿಜ. ಆದರೆ ನಮ್ಮ ಹೆಮ್ಮೆಯ ಶ್ರೀಗಂಧವೂ ಇದೇ ಕಸುಬಿನದು. ‘ಗಂಧದ ನಾಡು’, ಮೈಸೂರು ಸ್ಯಾಂಡಲ್ ಸೋಪು, ಕನ್ನಡ ಚಿತ್ರರಂಗಕ್ಕೆ ಸ್ಯಾಂಡಲ್‌ವುಡ್ ಅನ್ನೋ ಅಡ್ಡಹೆಸರು, ಇಷ್ಟೆಲ್ಲಕ್ಕೂ ಕಾರಣವಾದ ಮರ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಊರಿ ಬದುಕುವ ಮರ. ಗಂಧ ಬೆಳೆಯುವ ರೈತರು ಸಸಿಯ ಪಕ್ಕದಲ್ಲೇ ತೊಗರಿ ಹಾಕುತ್ತಾರೆ, ಮುಂದೆ ಆಸರೆಗೆ ಅಂತ ಸರ್ವೆಯಂಥ ಮರ ಬೆಳೆಸುತ್ತಾರೆ. ಗಂಧಕ್ಕೂ ಪೇಂಟ್‌ಬ್ರಷ್‌ಗೂ ರಕ್ತಸಂಬಂಧವೇನಿಲ್ಲ, ಬದುಕುವ ರೀತಿ ಮಾತ್ರ ಒಂದೇ. ನಾಡಿನ ಗುರುತು ಅಂತ ನಾವು ಎತ್ತಿ ಹಿಡಿದ ಮರಕ್ಕೆ ಒಂಟಿಯಾಗಿ ಚೆನ್ನಾಗಿ ಬೆಳೆಯಲು ಬರುವುದಿಲ್ಲ.

ಕಿತ್ತುಕೊಳ್ಳುವುದರಿಂದ ಕೆಡುಕೇ ಆಗುತ್ತದೆ ಅಂತಲೂ ಅಲ್ಲ. ಬ್ರಿಟನ್ನಿನಲ್ಲಿ ಇರುವವರು ಯೆಲ್ಲೋ ರ‍್ಯಾಟಲ್ ಅನ್ನೋ ಹಳದಿ ಹೂವಿನ ಗಿಡ ನೋಡಿರಬಹುದು. ಅದೂ ಹುಲ್ಲಿನ ಬೇರು ಹೀರುವುದೇ. ಹುಲ್ಲಿನ ಸೊಕ್ಕು ಸ್ವಲ್ಪ ಇಳಿದಾಗ ಬೇರೆ ಹೂಗಿಡಗಳಿಗೆ ಜಾಗ ಸಿಗುತ್ತದೆ. ಅದಕ್ಕೇ ಹುಲ್ಲುಗಾವಲು ಮತ್ತೆ ಕಟ್ಟುವವರು ಅದರ ಬೀಜವನ್ನು ಬೇಕೆಂದೇ ಬಿತ್ತುತ್ತಾರೆ.

ಇಲ್ಲಿ ಒಂದು ಗಡಿ ಹಾಕಿಕೊಳ್ಳಬೇಕು. ಗಿಡದ ಕಥೆಯನ್ನು ಹಾಗೇ ಎತ್ತಿ ಜನರ ಮೇಲೆ ಹೊದಿಸಬಾರದು. ಹೊರಗಿನಿಂದ ಬಂದವರನ್ನು ‘ಪರಾವಲಂಬಿಗಳು’ ಅಂತ ಬೈದ ರಾಜಕೀಯ ಎಲ್ಲಿಗೆ ಮುಟ್ಟಿತು ಅನ್ನೋದು ಇತಿಹಾಸ ಓದಿದ ಎಲ್ಲರಿಗೂ ಗೊತ್ತು. ನಾನು ಹೇಳುವುದು ಅದರ ತದ್ವಿರುದ್ಧ. ಇಲ್ಲಿ ಪರಾವಲಂಬಿಯಾಗಿರುವುದು ಬಂದ ಗಿಡವಲ್ಲ, ಅಪ್ಪಟ ಸ್ಥಳೀಯ ಗಿಡ. ‘ಸ್ಥಳೀಯ ಅಂದರೆ ಯಾರ ಹಂಗೂ ಇಲ್ಲದೆ ನಿಂತದ್ದು’ ಅನ್ನೋ ನಮ್ಮ ಕಲ್ಪನೆಯೇ ಇಲ್ಲಿ ಸುಳ್ಳಾಗುತ್ತದೆ.

ನಿಮ್ಮ ನೇಟಿವ್ ಯಾವುದು?

ಬೆಂಗಳೂರಿನಲ್ಲಿ ‘ನೇಟಿವ್’ ಅಂದರೆ ಊರು. ‘ಹಬ್ಬಕ್ಕೆ ನೇಟಿವ್‌ಗೆ ಹೋಗ್ತಿದೀನಿ’ ಅಂತಾರೆ, ಅಲ್ಲಿ ಹುಟ್ಟದೇ ಇದ್ದವರೂ. ಅಮೆರಿಕದ ಸಸ್ಯಶಾಸ್ತ್ರದವರಿಗೆ ‘ನೇಟಿವ್’ ಅಂದರೆ, ಸ್ಥೂಲವಾಗಿ, ಯುರೋಪಿನವರು ಬಂದು ನೆಲೆಸುವ ಮೊದಲೇ ಅಲ್ಲಿದ್ದ ಗಿಡ. ನೇಪರ್‌ವಿಲ್‌ನಲ್ಲಿ ಹುಟ್ಟಿದ ಮಗಳಿಗೆ ‘ನಿನ್ನ ನೇಟಿವ್ ಯಾವುದು’ ಅಂತ ತಾತ ಕೇಳಿದರೆ ಸರಿಯಾದ ಉತ್ತರ ಹಾಸನವಾ, ನೇಪರ್‌ವಿಲ್ಲಾ? ಒಂದೇ ಪದ, ಅಳತೆ ಬೇರೆ ಬೇರೆ.

ಸಸ್ಯಶಾಸ್ತ್ರದ ಅಳತೆಯನ್ನೇ ತೆಗೆದುಕೊಂಡರೂ ಅದು ಅಷ್ಟು ಸಲೀಸಲ್ಲ. ಅಮೆರಿಕದ ವಾಯವ್ಯದಲ್ಲಿ, ಆರೆಗನ್‌ನ ವಿಲಾಮೆಟ್ ಕಣಿವೆಯಿಂದ ಉತ್ತರಕ್ಕೆ ಇದ್ದ ಪ್ರೈರಿಗಳಲ್ಲಿ, ಚಿನ್ನದ ಬಣ್ಣದ ಒಂದು ಪೇಂಟ್‌ಬ್ರಷ್ ಇತ್ತು. ಆ ಕಣಿವೆಯ ಕಲಪೂಯ ಜನ ಹುಲ್ಲುಗಾವಲಿಗೆ ಕಾಲಕಾಲಕ್ಕೆ ಬೆಂಕಿ ಹಾಕುತ್ತಿದ್ದರು. ಬೆಂಕಿ ಬಿದ್ದಲ್ಲಿ ಮರ ಏಳುತ್ತಿರಲಿಲ್ಲ, ಬೆಳಕು ಬೇಕಾದ ಸಣ್ಣ ಗಿಡಗಳು ಉಳಿಯುತ್ತಿದ್ದವು. ಆ ಜನರನ್ನು ಅಲ್ಲಿಂದ ತೆಗೆದ ಮೇಲೆ ಬೆಂಕಿ ನಿಂತಿತು, ಹೊಲ ಬಂತು, ಉಳಿದ ಕಡೆ ಮರ-ಪೊದೆ ಮುಚ್ಚಿತು. ಹೂವು ಆರೆಗನ್‌ನಿಂದ ಕಾಣೆಯಾಯಿತು. ಅಂದರೆ ‘ಮನುಷ್ಯರ ಕೈ ತಾಗದ ಪ್ರಕೃತಿ’ ಅಂತ ನಾವು ಊಹಿಸುವ ಹೂವು ಮನುಷ್ಯರ ಕೈಯನ್ನು ನಂಬಿಕೊಂಡಿತ್ತು. ಜನರಿಗೆ ತಪ್ಪು ಹೆಸರಿಟ್ಟು, ಆಮೇಲೆ ಅವರನ್ನು ಓಡಿಸಿದ್ದಕ್ಕೆ ಹೂವೂ ಬೆಲೆ ತೆತ್ತಿತು.

ಇಲಿನಾಯ್‌ಗೆ ‘ಪ್ರೈರಿ ರಾಜ್ಯ’ ಅಂತಲೇ ಬಿರುದು. ಅಲ್ಲಿ ಒಂದು ಕಾಲಕ್ಕೆ 2 ಕೋಟಿ ಎಕರೆಗೂ ಹೆಚ್ಚು ಪ್ರೈರಿ ಇತ್ತು. 1837ರಲ್ಲಿ ಅದೇ ರಾಜ್ಯದ ಹಳ್ಳಿಯೊಂದರಲ್ಲಿ ಕಮ್ಮಾರ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ. ಅಂಟು ಮಣ್ಣು ಅದಕ್ಕೆ ಹಿಡಿಯಲಿಲ್ಲ, ಹುಲ್ಲುಗಾವಲು ಮೆಕ್ಕೆಜೋಳದ ಹೊಲವಾಯಿತು. ಮೂಲ ಸ್ಥಿತಿಯಲ್ಲಿ ಉಳಿದಿರುವ ಒಳ್ಳೆಯ ಪ್ರೈರಿ ಇವತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದೂ ಎಷ್ಟೋ ಕಡೆ ಉಳಿದಿರುವುದು ಹಳೆಯ ಸ್ಮಶಾನಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಅಂದರೆ ನೇಗಿಲು ಹೋಗದ ಮೂಲೆಗಳಲ್ಲಿ.

ಹೆಸರೇ ಬೇಡ ಅಂದರೆ?

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು ಹೇಳಬಹುದು: ಹೆಸರು, ಗುರುತು, ವಿಂಗಡಣೆ, ಇದೆಲ್ಲ ಯಾಕೆ? ಹೂವು ಹೂವೇ, ನೋಡಿ ಖುಷಿಪಟ್ಟರೆ ಸಾಲದೇ? ಹಾಗೆಯೇ, ಮನುಷ್ಯರೆಲ್ಲ ಒಂದೇ ಅಂದುಬಿಟ್ಟರೆ ಸಾಲದೇ?

ಸಾಲದು ಅಂತ ನನ್ನ ಅಭಿಪ್ರಾಯ. ಆ ಚಿನ್ನದ ಪೇಂಟ್‌ಬ್ರಷ್ ಬದುಕಿದ್ದು ಯಾರೋ ಅದನ್ನು ಉಳಿದವುಗಳಿಂದ ಬೇರೆ ಅಂತ ಗುರುತಿಸಿದ್ದರಿಂದ. 1997ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಗಿಡಗಳ ಪಟ್ಟಿಗೆ ಸೇರಿಸಿತು. ಬೀಜ ಕೂಡಿಸಿದರು, ಸಸಿ ಮಾಡಿದರು, ಮತ್ತೆ ಬೆಂಕಿ ಹಾಕಿದರು, ಆರೆಗನ್‌ನಲ್ಲಿ ಮರಳಿ ನೆಟ್ಟರು. 2023ರಲ್ಲಿ, ಚೇತರಿಸಿಕೊಂಡಿದೆ ಅಂತ ಪಟ್ಟಿಯಿಂದ ತೆಗೆದರು. ‘ಎಲ್ಲ ಹೂವೂ ಒಂದೇ’ ಅಂದಿದ್ದರೆ ಆ ಒಂದು ಹೂವು ಇರುತ್ತಿರಲಿಲ್ಲ.

ಅದೇ ಪ್ರೈರಿಗಳ ಇನ್ನೊಂದು ಕಥೆಯೂ ಇದೆ. ಟೇಲರ್ಸ್ ಚೆಕರ್‌ಸ್ಪಾಟ್ ಅನ್ನೋ ಅಪರೂಪದ ಚಿಟ್ಟೆಯ ಮರಿಹುಳ ಪೇಂಟ್‌ಬ್ರಷ್ ತಿಂದು ಬೆಳೆಯುತ್ತದೆ. ಪೇಂಟ್‌ಬ್ರಷ್ ಕಡಿಮೆಯಾದಾಗ ಅದು ಯುರೋಪಿನಿಂದ ಬಂದ ಪ್ಲಾಂಟೇನ್ ಅನ್ನೋ ಕಳೆಗಿಡಕ್ಕೂ ಬಾಯಿ ಹಾಕಿತು, ಬದುಕಿತು. ಸ್ಥಳೀಯ ಚಿಟ್ಟೆಗೆ ಅನ್ನ ಹಾಕಿದ್ದು ಹೊರಗಿನಿಂದ ಬಂದ ಕಳೆ. ಗುರುತು ಬೇಕು, ನಿಜ, ಆದರೆ ಯಾರನ್ನು ಕೀಳಬೇಕು ಅಂತ ಗುರುತನ್ನು ನೋಡಿಯೇ ತೀರ್ಮಾನಿಸಬಾರದು. ಅದು ಅಲ್ಲಿ ಏನು ಮಾಡ್ತಿದೆ, ಯಾರಿಗೆ ಆಸರೆಯಾಗಿದೆ ಅಂತ ನೋಡಬೇಕು.

ನಾವು ಕೇಳುವ ಪ್ರಶ್ನೆಗಳು

ಹೊರದೇಶದಲ್ಲಿ ಬೆಳೆಯುವ ನಿಮ್ಮಲ್ಲಿ ಹೆಚ್ಚಿನವರಿಗೆ ಈ ಸಂಭಾಷಣೆ ಗೊತ್ತು. ‘ನೀನು ಎಲ್ಲಿಯವಳು?’ ‘ಷಿಕಾಗೋ.’ ‘ಅದಲ್ಲ, ನಿಜವಾಗಿ ಎಲ್ಲಿಯವಳು?’ ಕೇಳಿದವರಿಗೆ ಕಂಡದ್ದು ಚರ್ಮದ ಬಣ್ಣ, ಕುಚ್ಚಿನ ತುದಿಯ ಕೆಂಪು. ಆ ‘ನಿಜವಾಗಿ’ ಅನ್ನೋ ಮಾತು ಚುಚ್ಚುವುದು ಯಾಕೆಂದರೆ, ಅವರು ಉತ್ತರವನ್ನು ಮೊದಲೇ ತೀರ್ಮಾನಿಸಿ, ನಿಮ್ಮ ಬಾಯಲ್ಲಿ ಹೇಳಿಸಲು ಹೊರಟಿದ್ದಾರೆ. ಈ ಬಗ್ಗೆ ನಾವು ಬೇಕಾದಷ್ಟು ದೂರುತ್ತೇವೆ, ದೂರಬೇಕು ಕೂಡ.

ಆದರೆ ಅದೇ ವಾರದ ಕೊನೆಗೆ, ಯುಗಾದಿ ಊಟದಲ್ಲಿ, ಹೊಸದಾಗಿ ಬಂದ ದಂಪತಿಗಳನ್ನು ನಾವು ಏನು ಕೇಳ್ತೀವಿ? ‘ನಿಮ್ಮ ಊರು ಯಾವುದು?’ ಅದು ಸರಿ. ‘ಸರ್‌ನೇಮ್ ಏನು?’ ‘ನೀವು ವೆಜ್ಜಾ?’ ‘ಮನೆ ದೇವರು ಯಾವುದು?’ ನಾಲ್ಕು ಪ್ರಶ್ನೆ, ಒಂದರಲ್ಲೂ ಜಾತಿ ಅನ್ನೋ ಪದ ಇಲ್ಲ. ಕೇಳಿದವರಿಗೂ ಗೊತ್ತು, ಉತ್ತರ ಹೇಳುವವರಿಗೂ ಗೊತ್ತು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ 15ರ ಹುಡುಗನಿಗೆ ಮಾತ್ರ ಗೊತ್ತಾಗುವುದಿಲ್ಲ, ಹೋಳಿಗೆ ಬಗ್ಗೆ ಮಾತಾಡುತ್ತಿದ್ದ ಇಬ್ಬರು ಹಿರಿಯರ ದನಿ ಒಮ್ಮೆಲೇ ಯಾಕೆ ಬದಲಾಯಿತು ಅಂತ. ಒಂದೋ ಅತಿಯಾಗಿ ಬೆಚ್ಚಗಾಯಿತು, ಇಲ್ಲ ತಣ್ಣಗಾಯಿತು. 2023ರಲ್ಲಿ ಸಿಯಾಟಲ್ ನಗರ ಜಾತಿಯ ಆಧಾರದ ತಾರತಮ್ಯವನ್ನು ಕಾನೂನಿನಲ್ಲಿ ನಿಷೇಧಿಸಿದಾಗ ನಮ್ಮವರಲ್ಲೇ ಪರ-ವಿರೋಧ ಜೋರಾಗಿ ನಡೆಯಿತು. ಕಾನೂನಿನ ಬಗ್ಗೆ ನೀವು ಏನೇ ಅಂದುಕೊಳ್ಳಿ, ‘ಮನೆ ದೇವರು ಯಾವುದು’ ಅನ್ನೋ ಪ್ರಶ್ನೆ ಯಾವ ಕೆಲಸಕ್ಕೆ ಬರುತ್ತಿದೆ ಅನ್ನೋದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಬಹುದು.

ನಾನು ‘ಕೇಳಲೇಬೇಡಿ’ ಅನ್ನುತ್ತಿಲ್ಲ. ಊರು ಕೇಳೋದು ನಮ್ಮ ಪ್ರೀತಿಯ ಭಾಷೆ. ‘ಓ, ತೀರ್ಥಹಳ್ಳಿನಾ! ನಮ್ಮ ಅತ್ತೆ ಮನೆ ಅಲ್ಲೇ ಹತ್ತಿರ’ ಅಂದಾಗ ಸಾವಿರಾರು ಮೈಲಿ ದೂರದಲ್ಲಿ ಒಬ್ಬರಿಗೆ ಮನೆಯವರು ಸಿಕ್ಕ ಹಾಗಾಗುತ್ತದೆ. ಅದೂ ಗುರುತಿಸುವುದೇ. ಹಾಗಾದರೆ ಎರಡಕ್ಕೂ ವ್ಯತ್ಯಾಸ ಎಲ್ಲಿದೆ?

ನನಗೆ ಕಾಣುವುದು ಹೀಗೆ. ಒಂದು ಗುರುತಿಸುವಿಕೆ ಉತ್ತರ ಸಿಕ್ಕ ಕೂಡಲೇ ನಿಲ್ಲುತ್ತದೆ. ಹೆಸರು ಬಂತು, ಗೂಡಿಗೆ ಹಾಕಿದೆ, ಮುಂದೆ ನೋಡುವ ಅಗತ್ಯವಿಲ್ಲ. ಇನ್ನೊಂದು ಗುರುತಿಸುವಿಕೆ ಅಲ್ಲಿಂದಲೇ ಶುರುವಾಗುತ್ತದೆ. ಕಾಕ್ಸಿನಿಯಾ ಅಂತ ತಿಳಿದ ಮೇಲೆ, ಇದರ ಪಕ್ಕದ ಹುಲ್ಲು ಯಾವುದು, ಇಲ್ಲಿಗೆ ಹಮ್ಮಿಂಗ್‌ಬರ್ಡ್ ಬರುತ್ತಾ, ಈ ಮೂಲೆ ನೇಗಿಲಿನಿಂದ ಹೇಗೆ ತಪ್ಪಿಸಿಕೊಂಡಿತು ಅಂತ ಕೇಳುವುದು. ಮೊದಲನೆಯದರಲ್ಲಿ ಹೆಸರು ಬಾಗಿಲು ಮುಚ್ಚುತ್ತದೆ, ಎರಡನೆಯದರಲ್ಲಿ ತೆರೆಯುತ್ತದೆ. ‘ಊರು ಯಾವುದು’ ಅಂತ ಕೇಳಿ, ಆ ಊರಿನ ಮಳೆ, ಶಾಲೆ, ಬಿಟ್ಟುಬಂದ ಕಾರಣ ಇಷ್ಟನ್ನೂ ಕೇಳಲು ಕೂತವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಗಿಡಕ್ಕೂ ಮನುಷ್ಯರಿಗೂ ನಡುವಿನದು. ಗಿಡಕ್ಕೆ ಮಾತಿಲ್ಲ. ಅದರ ಹೆಸರನ್ನು ನಾವು ಬಗ್ಗಿ, ಹುಡುಕಿ, ಚರ್ಚಿಸಿ ತೀರ್ಮಾನಿಸಬೇಕು. ಮನುಷ್ಯರಿಗೆ ಮಾತಿದೆ. ನಾನು ಯಾರು ಅನ್ನೋದನ್ನು ಎಷ್ಟು ಹೇಳಬೇಕು, ಯಾವ ಹೆಸರಿನಲ್ಲಿ ಹೇಳಬೇಕು, ಯಾವಾಗ ಹೇಳಬೇಕು, ಅದು ಅವರ ಹಕ್ಕು. ‘ಷಿಕಾಗೋ’ ಅಂದರೆ ಅವತ್ತಿನ ಮಟ್ಟಿಗೆ ಷಿಕಾಗೋ. ಅಷ್ಟಕ್ಕೆ ಒಪ್ಪಿಕೊಳ್ಳಲು ಬರಬೇಕು. ಅಪರೂಪದ ಗಿಡಗಳ ವಿಷಯದಲ್ಲಿ ಐನ್ಯಾಚುರಲಿಸ್ಟ್ ಕೂಡ ಒಂದು ಮರ್ಯಾದೆ ಇಟ್ಟುಕೊಂಡಿದೆ: ಗಿಡದ ಹೆಸರು ತೋರಿಸುತ್ತದೆ, ಇರುವ ಜಾಗವನ್ನು ಕಣ್ಣಿಗೆ ಬೀಳದಂತೆ ಮಸುಕು ಮಾಡುತ್ತದೆ, ಅಗೆದುಕೊಂಡು ಹೋಗುವವರು ಇದ್ದಾರೆ ಅಂತ. ತಿಳಿದದ್ದನ್ನೆಲ್ಲ ಎಲ್ಲರಿಗೂ ತಿಳಿಸಬೇಕಾಗಿಲ್ಲ ಅನ್ನೋದನ್ನು ಆ ಆ್ಯಪ್ ಅರ್ಥಮಾಡಿಕೊಂಡಿದೆ. ನಮ್ಮ ವಾಟ್ಸಾಪ್ ಗುಂಪುಗಳೂ ಕಲಿಯಬಹುದು.

ಇನ್ನು ನಿಮಗೆ ಒಂದು ಕೆಲಸ. ಟೆಕ್ಸಸ್‌ನವರಿಗೆ ಏಪ್ರಿಲ್, ಇಲಿನಾಯ್-ವಿಸ್ಕಾನ್ಸಿನ್-ಒಂಟಾರಿಯೋದವರಿಗೆ ಮೇ-ಜೂನ್. ನಿಮ್ಮ ಹತ್ತಿರದ ಉಳಿದ ಪ್ರೈರಿ ಯಾವುದು ಅಂತ ಹುಡುಕಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಾಲುದಾರಿ ಬಿಡಬೇಡಿ. ಕೆಂಪು ಕಂಡರೆ ನಾಲ್ಕು ಫೋಟೋ ತೆಗೆಯಿರಿ: ಮೇಲಿನ ಕುಚ್ಚು, ಒಳಗಿನ ಕೊಳವೆ, ಕಾಂಡದ ಎಲೆ, ಬುಡ. ಐದನೆಯದು ಅಕ್ಕಪಕ್ಕದ ಹುಲ್ಲಿನದು. ‘ಹೂವು ಎಲ್ಲಿದೆ ತೋರಿಸು’ ಅಂತ ಮಕ್ಕಳನ್ನು ಕೇಳಿ, ಅವರೇ ಹುಡುಕಲಿ. ಕೀಳಬೇಡಿ, ಅದರ ಅರ್ಧ ಜೀವ ಪಕ್ಕದ ಹುಲ್ಲಿನ ಬೇರಿನಲ್ಲಿದೆ. ಮತ್ತೆ ಮುಂದಿನ ಹಬ್ಬದ ಊಟದಲ್ಲಿ ಹೊಸಬರು ಯಾರಾದರೂ ಒಂಟಿಯಾಗಿ ನಿಂತಿದ್ದರೆ, ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ‘ಈ ಊರು ನಿಮಗೆ ಹೇಗೆ ಅನ್ನಿಸ್ತಿದೆ?’ ಅಂತ ಕೇಳಿ ನೋಡಿ. ಉಳಿದದ್ದನ್ನು, ಹೇಳಬೇಕು ಅನ್ನಿಸಿದಾಗ, ಅವರೇ ಹೇಳ್ತಾರೆ.